ಆನೆದಂತ ತೊಳೆಯುವ ಎಡ್ವಿಜ್

ಡಿಯೆಪ್ ಊರಿನಲ್ಲಿ ದಂತದ ಗೊಂಬೆ ಹಳದಿಯಾಗಿದೆ ಎಂದರೆ ಆ ಮನೆಯ ಹೆಂಗಸು ಸೋಮಾರಿ ಎಂದು ಅರ್ಥ. ಬೇರೆ ಕಡೆ ಹಳದಿ ದಂತವನ್ನು ಗಾಜಿನ ಕಪಾಟಿನಲ್ಲಿಟ್ಟು, ಎಷ್ಟು ಹಳೆಯದು ನೋಡಿ ಎಂದು ಬಂದವರಿಗೆಲ್ಲ ತೋರಿಸುತ್ತಾರಂತೆ. ತೋರಿಸಿಕೊಳ್ಳಲಿ. ನಮ್ಮಲ್ಲಿ ಅದು ಮೂಗು ಒರೆಸದ ಮಗುವನ್ನು ಬೀದಿಗೆ ಬಿಟ್ಟಂತೆ.

ಬಂದರಿನ ಆಚೆ ದಡದ ಮೀನುಗಾರರ ಕೇರಿಯಲ್ಲಿ ಎಡ್ವಿಜ್ ಮಾಲಾಂದೆನ್‌ಳ ಮನೆತನಕ್ಕೆ ತಲೆತಲಾಂತರದಿಂದ ಇದೇ ಕಸುಬು. ಗಂಡಸರು ದಂತ ಕೆತ್ತುತ್ತಿದ್ದರು, ಹೆಂಗಸರು ಅದನ್ನು ಬೆಳ್ಳಗೆ ಮಾಡುತ್ತಿದ್ದರು. ಸಮುದ್ರದಂಚಿನ ಬಿಳಿ ಸುಣ್ಣದ ಬಂಡೆಯಿಂದ ಉದುರಿದ ಹೆಂಟೆ ತಂದು, ಅರೆದು, ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕಲಸಿ, ಆಡಿನ ಕೂದಲಿನ ಕುಂಚದಿಂದ ಗೊಂಬೆಯ ಮೂಗು, ಕಿವಿ, ಲಂಗದ ನೆರಿಗೆ ಎಲ್ಲ ತೊಳೆಯಬೇಕು. ಔಷಧಿ ಅಂಗಡಿಯ ಬಿಳುಪಿನ ನೀರು ಸವರಬೇಕು. ಆಮೇಲೆ ಮಾಳಿಗೆಯ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಬಿಸಿಲಿಗಿಡಬೇಕು. ಗಾಜಿಲ್ಲದೆ ಇಟ್ಟರೆ ದಂತ ಬಿರಿಯುತ್ತದೆ, ಮಗ್ಗುಲು ಬದಲಿಸದಿದ್ದರೆ ಒಂದು ಕೆನ್ನೆ ಬಿಳಿ ಒಂದು ಕೆನ್ನೆ ಕೆನೆಬಣ್ಣ ಆಗುತ್ತದೆ. ಡಿಯೆಪ್ಪಿನಲ್ಲಿ ಬಿಸಿಲು ಹೇಳಿ ಬರುವ ನೆಂಟ ಅಲ್ಲ. ಮೋಡ ಸರಿಯಿತು ಎಂದರೆ ಎಡ್ವಿಜ್ ಒಲೆಯ ಮೇಲಿನ ಸಾರು ಬಿಟ್ಟು ಮಾಳಿಗೆಗೆ ಓಡುತ್ತಿದ್ದಳು. ಎಪ್ಪತ್ತು ದಾಟಿದ ಮೇಲೂ, ಎದೆ ಹಿಡಿದುಕೊಂಡು, ಓಡುತ್ತಿದ್ದಳು.

ಅವಳ ಅಣ್ಣ ರೆಮಿ ಕೇರಿಯ ಕೊನೆಯ ಕೆತ್ತನೆಗಾರ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರಲ್ಲ, ಸತ್ತರೂ ಸಾವಿರ ಎಂಬ ಆ ಆಸೆಯೇ ಆನೆಗಳ ಕುಲ ತೆಗೆದದ್ದು. ನಮ್ಮ ಊರಿನ ಹಡಗುಗಳು ಗಿನಿ ತೀರದಿಂದ ದಂತ ಹೇರಿಕೊಂಡು ಬಂದದ್ದು ಕತೆಯಲ್ಲ, ನಿಜ. ನಾವು ಕೊಂದಿಲ್ಲ ಎಂದು ಕೈ ತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಸ ದಂತ ತರುವಂತಿಲ್ಲ ಎಂದು ಲೋಕವೆಲ್ಲ ಒಪ್ಪಂದ ಮಾಡಿಕೊಂಡ ವರ್ಷವೇ, ಮನೆಯಲ್ಲಿ ಕೂಡಿಟ್ಟಿದ್ದ ಹಳೆಯ ದಂತವೂ ಮುಗಿದು, ರೆಮಿ ಅಂಗಡಿಗೆ ಬಾಗಿಲು ಹಾಕಿದ. ಬಯ್ಯಲಿಲ್ಲ. ‘ಆಗ್ಬೇಕಾದ್ದೇ ಆಯ್ತು ಬಿಡು’ ಎಂದು ತಂಗಿಗೆ ಹೇಳಿ, ಮೀನು ಮಾರುಕಟ್ಟೆಯಲ್ಲಿ ಚಿಪ್ಪು ಬಿಡಿಸುವ ಕೆಲಸಕ್ಕೆ ಸೇರಿಕೊಂಡ. ಕೂದಲೆಳೆಯಷ್ಟು ಸಣ್ಣ ಬಲೆಯನ್ನು ದಂತದಲ್ಲಿ ಕೆತ್ತುತ್ತಿದ್ದ ಕೈ ಇಪ್ಪತ್ತು ವರ್ಷ ತಣ್ಣೀರಿನಲ್ಲಿ ನೆನೆದು ಬಾತುಕೊಂಡಿತು. ಸತ್ತಾಗ ಅವನ ಬೆರಳಿನಿಂದ ಮೀನಿನ ವಾಸನೆ ಬಿಡಿಸಲು ಎಡ್ವಿಜಳಿಗೆ ಆಗಲಿಲ್ಲ.

ಆಮೇಲೆ ಎರಡನೆಯ ಕಾನೂನು ಬಂತು. ಈ ಸಲ ಹಳೆಯ ವಸ್ತುಗಳ ಸರದಿ. ಹಳೆಯದು ಎಂದು ಸುಳ್ಳು ಹೇಳಿ ಹೊಸದನ್ನು ಮಾರುವ ಕಳ್ಳರು ಎಲ್ಲ ದೇಶದಲ್ಲೂ ಇದ್ದರು, ಅದಕ್ಕೇ ಬಂತು. ಸಾವಿರದ ಒಂಬೈನೂರ ನಲವತ್ತೇಳಕ್ಕೆ ಮುಂಚೆ ಕೆತ್ತಿದ್ದು ಎಂದು ಪರೀಕ್ಷಕರು ಸಹಿ ಮಾಡಿದರೆ ಮಾತ್ರ ದಂತದ ವಸ್ತು ಮಾರಾಟವಾಗಬಹುದು. ಇಲ್ಲದಿದ್ದರೆ ಮನೆಯಲ್ಲಿ ಇಟ್ಟುಕೊಂಡು ನೋಡುತ್ತಾ ಕೂರಬೇಕು. ಹಳೇ ಸಾಮಾನಿನ ಅಂಗಡಿಯವರು ಒಂದೇ ವಾರದಲ್ಲಿ ಕಿಟಕಿ ಖಾಲಿ ಮಾಡಿದರು. ಊರಿನಲ್ಲಿ ಒಂದು ಕಾಲಕ್ಕೆ ಮೀನಿನಷ್ಟೇ ಧಾರಾಳವಾಗಿ ಕಾಣುತ್ತಿದ್ದ ಶಿಲುಬೆ, ಬೀಸಣಿಗೆ, ಪುಟ್ಟ ಹಡಗು ಎಲ್ಲ ಡ್ರಾಯರು ಸೇರಿದವು. ಎಡ್ವಿಜಳ ಹತ್ತಿರ ತೊಳೆಯಲು ತರುವವರು ಕಡಿಮೆಯಾಗುತ್ತ ಬಂದು, ಕೊನೆಗೆ ಕೇರಿಯ ನಾಲ್ಕಾರು ಮುದುಕಿಯರು ಉಳಿದರು. ಅವರು ದುಡ್ಡಿನ ಬದಲು ಬೆಣ್ಣೆ ಕೊಡುತ್ತಿದ್ದರು.

ಇಷ್ಟಾದರೂ ಎಡ್ವಿಜಳಿಗೆ ಕಾನೂನಿನ ಮೇಲೆ ಮುನಿಸಿರಲಿಲ್ಲ. ಅವಳ ತಲೆಯಲ್ಲಿದ್ದದ್ದು ಒಂದೇ ಸಂಗತಿ. ಅದು ಅವಳ ಮುತ್ತಜ್ಜ ಕೆತ್ತಿದ ಜೋಡಿ.

ಕೇರಿಯಲ್ಲಿ ಮಗಳ ಮದುವೆಗೆ ದಂತದ ಗಂಡಹೆಂಡಿರ ಜೋಡಿ ಕೊಡುವ ಪದ್ಧತಿ ಇತ್ತು. ಗಂಡ ಭುಜದ ಮೇಲೆ ಬಲೆ ಹೊತ್ತ ಮೀನುಗಾರ, ಹೆಂಡತಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಮೀನುಗಾರ್ತಿ. ಗೇಣುದ್ದದ ಗೊಂಬೆಗಳು. ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಒಬ್ಬರಿಗೊಬ್ಬರು ಮುಖ ಮಾಡಿ ನಿಲ್ಲಿಸಬೇಕು. ಜೋಡಿ ಅಗಲಿಸಿದರೆ ಮನೆಯ ಗಂಡಸು ಸಮುದ್ರದಿಂದ ತಿರುಗಿ ಬರುವುದಿಲ್ಲ ಎನ್ನುತ್ತಿದ್ದರು. ಯುದ್ಧದ ಕಾಲದ ಒಂದು ಚಳಿಗಾಲದಲ್ಲಿ, ಮಕ್ಕಳಿಗೆ ಕೊಡಲು ಆಲೂಗಡ್ಡೆಯೂ ಇಲ್ಲದಾಗ, ಎಡ್ವಿಜಳ ಅಜ್ಜಿ ಗಂಡನ ಗೊಂಬೆಯನ್ನು ಮಾರಿದಳು. ಹೆಂಡತಿಯದನ್ನು ಯಾರೂ ಕೇಳಲಿಲ್ಲ, ಬುಟ್ಟಿಯ ಪಟ್ಟಿ ಮುರಿದಿತ್ತು. ಮರುವರ್ಷ ಅಜ್ಜನ ದೋಣಿ ಸಮುದ್ರದಲ್ಲಿ ಹುದುಗಿಸಿದ್ದ ಬಾಂಬಿಗೆ ತಗುಲಿ ಚೂರಾಯಿತು. ಯುದ್ಧ ಎಂದರೆ ಹಾಗೇ, ಗೊಂಬೆ ಇದ್ದ ಮನೆಗಳ ದೋಣಿಗಳೂ ಚೂರಾದವು. ಆದರೆ ಅಜ್ಜಿ ಸಾಯುವ ತನಕ ಅದನ್ನು ತನ್ನ ತಲೆಗೇ ಕಟ್ಟಿಕೊಂಡಳು. ‘ಅವರಿಬ್ಬರನ್ನ ಒಂದೇ ಸೂರಿನ ಕೆಳಗೆ ತನ್ನಿ’ ಎಂದು ಮಗಳಿಗೆ ಹೇಳಿದಳು, ಮಗಳು ಎಡ್ವಿಜಳಿಗೆ ಹೇಳಿದಳು. ಎಡ್ವಿಜಳಿಗೆ ಹೇಳಿಬಿಡಲು ಮಕ್ಕಳಿಲ್ಲ. ಮದುವೆಯೇ ಆಗಲಿಲ್ಲ.

ಗಂಡನ ಗೊಂಬೆ ಎಲ್ಲಿದೆ ಎಂಬುದು ಅವಳಿಗೆ ಮೂವತ್ತು ವರ್ಷದಿಂದ ಗೊತ್ತಿತ್ತು. ಸೇತುವೆ ದಾಟಿದರೆ ಸಿಗುವ ತುರ್ಜಿಯವರ ಮನೆಯಲ್ಲಿ.

ಅಕಿಲ್ ತುರ್ಜಿಯವರು ಹೊರಗಿನಿಂದ ಬರುವ ಹಡಗುಗಳಿಗೆ ದಾರಿ ತೋರಿಸಿ ಬಂದರಿನ ಒಳಗೆ ತರುವ ಕೆಲಸ ಮಾಡಿ ನಿವೃತ್ತರಾದವರು. ಸಂಬಳವೆಲ್ಲ ಡಿಯೆಪ್ಪಿನ ದಂತಕ್ಕೇ ಸುರಿದಿದ್ದರು. ಕಳ್ಳರ ಭಯಕ್ಕೆ ಒಂದು ಫೋಟೋ ಸಹ ತೆಗೆಯಲು ಬಿಡುತ್ತಿರಲಿಲ್ಲ. ಎಡ್ವಿಜ್ ಪ್ರತಿ ಭಾನುವಾರ ಚರ್ಚಿನಿಂದ ನೆಟ್ಟಗೆ ಅವರ ಮನೆಗೆ ಹೋಗಿ ಗೊಂಬೆಗಳ ಧೂಳು ಹೊಡೆಯುತ್ತಿದ್ದಳು. ಒಣ ಕುಂಚ ಮಾತ್ರ, ನೀರು ಮುಟ್ಟಿಸುವಂತಿಲ್ಲ ಎಂಬುದು ಅವರ ಕಟ್ಟಪ್ಪಣೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕಾವಲು ಕೂರುತ್ತಿದ್ದರು. ಗಂಡನ ಗೊಂಬೆಯ ಸರದಿ ಬಂದಾಗ ಜಗಳ ಶುರುವಾಗುತ್ತಿತ್ತು.

“ಥೂ, ತಂಬಾಕು ಜಗಿಯೋನ ಹಲ್ಲಿದ್ದ ಹಾಗಿದೆ ಇವನ ಮುಖ. ಒಂದು ಬೇಸಿಗೆ ನನ್ನ ಮಾಳಿಗೆಗೆ ಕಳಿಸಿ ಕಪ್ತಾನರೇ.”

“ಅದು ಕೊಳೆ ಅಲ್ಲ ಎಡ್ವಿಜ್. ವಯಸ್ಸು.”

“ವಯಸ್ಸಾದೋರು ಸ್ನಾನ ಮಾಡ್ಬಾರ್ದು ಅಂತ ಎಲ್ಲಿದೆ? ನೀವು ಮಾಡಲ್ವಾ?”

“ಮಾಡ್ತೀನಿ. ಚರ್ಮ ಸುಲ್ಕೊಳ್ಳಲ್ಲ.”

“ನಮ್ಮನೆ ಹೆಂಡತಿ ಗೊಂಬೇನ ನೋಡಿ ಬನ್ನಿ ಒಂದ್ಸಲ. ನಿನ್ನೆ ಮದುವೆ ಆದೋಳ ಹಾಗಿದ್ದಾಳೆ.”

“ಅದೇ ನನ್ನ ಸಂಕಟ. ನೂರು ವರ್ಷದ ಮುದುಕೀನ ಹದಿನಾರರ ಹುಡುಗಿ ಮಾಡಿಟ್ಟಿದ್ದೀರಿ. ಅವಳನ್ನ ನನಗೆ ಕೊಡಿ, ಜೋಡಿ ಸೇರಲಿ.”

“ಇವನನ್ನ ತೊಳಿಯೋಕೆ ಬಿಡಿ, ಕೊಡ್ತೀನಿ.”

“ತೊಳಿಯೋಕೆ ಬಿಡಲ್ಲ.”

“ಹಾಗಾದ್ರೆ ಕೊಡಲ್ಲ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂವತ್ತು ವರ್ಷದ ಭಾನುವಾರಗಳು ಹೀಗೇ ಕಳೆದವು. ಜಗಳ ಮುಗಿದ ಮೇಲೆ ತುರ್ಜಿಯವರು ಸೇಬಿನ ಮದ್ಯ ಬಗ್ಗಿಸುತ್ತಿದ್ದರು, ಇಬ್ಬರೂ ಒಂದೊಂದು ಲೋಟ ಕುಡಿದು ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಎಡ್ವಿಜಳಿಗೆ ಆ ದಿನಗಳಲ್ಲಿ ಇದ್ದ ಸಂತೋಷ ಅದೊಂದೇ. ಆದರೆ ಅದು ಸಂತೋಷ ಎಂದು ಗೊತ್ತಾಗಲು ತುರ್ಜಿಯವರು ಸಾಯಬೇಕಾಯಿತು. ಫೆಬ್ರವರಿಯ ಒಂದು ಮುಂಜಾನೆ ಬ್ರೆಡ್ಡು ತರಲು ಹೋದವರು ಅಂಗಡಿಯ ಮೆಟ್ಟಿಲ ಮೇಲೇ ಕುಸಿದರು.

ತುರ್ಜಿಯವರಿಗೆ ಒಬ್ಬಳೇ ಮಗಳು, ಬೆನೆದಿಕ್ತ್. ದೂರದ ಲಿಯೋಂ ನಗರದಲ್ಲಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಒಳ್ಳೆಯ ಹೆಂಗಸು, ಮಾತು ಮೆತ್ತಗೆ. ಅಪ್ಪನ ಗೊಂಬೆಗಳ ಮೇಲೆ ಅವಳಿಗೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಮನೆ ಖಾಲಿ ಮಾಡಬೇಕು, ಗೊಂಬೆಗಳನ್ನು ರುಆಂ ನಗರದ ಹರಾಜಿನವರಿಗೆ ಕೊಡುತ್ತೇನೆ ಎಂದಳು. ಎಡ್ವಿಜ್ ಅವಳ ಎದುರು ಕೂತು, ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಹೇಳಿದಳು.

“ನಮ್ಮ ಹೆಂಡತಿ ಗೊಂಬೇನೂ ನಿಮ್ಮಪ್ಪನ ಹತ್ರ ಇದ್ದ ಗಂಡನ ಗೊಂಬೆ ಜೊತೆ ಹರಾಜಿಗಿಡಿ ತಾಯಿ. ಇಬ್ಬರನ್ನೂ ಒಟ್ಟಿಗೆ ಕೊಳ್ಳೋರಿಗೇ ಕೊಡ್ಬೇಕು, ಬಿಡಿಬಿಡಿಯಾಗಿ ಬೇಡ. ಬಂದ ದುಡ್ಡು ಪೂರ್ತಿ ನಿಮಗೇ ಇರಲಿ.”

“ದುಡ್ಡು ಯಾಕೆ ಬೇಡ ಮಾದಾಂ?”

“ಡಾಕ್ಟರು ನನ್ನ ಎದೆ ಮೇಲೆ ಕೊಳವೆ ಇಟ್ಟು ಕೇಳಿ ಮುಖ ಸಣ್ಣಗೆ ಮಾಡ್ಕೊಂಡ್ರು. ನಾನು ಹೋದ ಮೇಲೆ ನನ್ನ ಮನೆ ಸಾಮಾನು ತಿಪ್ಪೆಗೆ ಹೋಗುತ್ತೆ. ಅಷ್ಟರಲ್ಲಿ ಅವರಿಬ್ಬರೂ ಒಂದು ಸೂರಿನಡಿ ಸೇರ್ಬೇಕು. ಯಾರ ಸೂರಾದ್ರೂ ಸರಿ.”

ಬೆನೆದಿಕ್ತ್ ಒಪ್ಪಿದಳು. ರೆನ್ ನಗರದ ಒಬ್ಬ ಸಂಗ್ರಹಕಾರರು ಡಿಯೆಪ್ಪಿನ ಪೂರ್ತಿ ಜೋಡಿ ಸಿಕ್ಕರೆ ಬಿಡುವುದಿಲ್ಲ ಎಂದು ಹರಾಜಿನವರೂ ಹೇಳಿದರು. ಪರೀಕ್ಷಕರು ಜೂನ್ ತಿಂಗಳಲ್ಲಿ ಬಂದು ಒಂದೊಂದನ್ನೂ ನೋಡಿ ಸಹಿ ಮಾಡಬೇಕು, ಅಷ್ಟೇ ಬಾಕಿ. ಊರಿಗೆ ಹೊರಡುವ ಮುಂಚೆ ಬೆನೆದಿಕ್ತ್ ಮನೆಯ ಬೀಗದ ಕೈಯನ್ನು ಎಡ್ವಿಜಳ ಅಂಗೈಯಲ್ಲಿಟ್ಟಳು.

“ಅವರು ಬರೋದ್ರೊಳಗೆ ಗೊಂಬೆಗಳನ್ನ ಒಂಚೂರು ನೋಡೋ ಹಾಗೆ ಮಾಡಿಡಿ ಮಾದಾಂ. ನಿಮಗೆ ತಿಳಿದ ಹಾಗೆ.”

ತಿಳಿದ ಹಾಗೆ ಎಂದ ಮೇಲೆ ಎಡ್ವಿಜಳನ್ನು ಹಿಡಿಯುವವರು ಯಾರು? ಮಿಕ್ಕ ಗೊಂಬೆಗಳಿಗೆಲ್ಲ ಅವಳು ಒಣ ಕುಂಚ ಮಾತ್ರ ಆಡಿಸಿದಳು. ಅವು ತುರ್ಜಿಯವರ ಸ್ವತ್ತು, ಅವರ ಮಾತು ಮೀರಬಾರದು. ಗಂಡನ ಗೊಂಬೆಯನ್ನು ಮಾತ್ರ ಸೆರಗಿನಂಥ ಅಗಲ ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಸೇತುವೆ ದಾಟಿಸಿ ಮನೆಗೆ ತಂದಳು. ಇವನು ತಮ್ಮ ಮನೆಯವನು. ಎಂಬತ್ತು ವರ್ಷ ಪರರ ಮನೆಯಲ್ಲಿದ್ದು ಬಂದವನು. ಪ್ಯಾರಿಸ್ಸಿನಿಂದ, ರೆನ್ನಿನಿಂದ ಜನ ಬರುವ ಸಭೆಯಲ್ಲಿ ಹೆಂಡತಿ ಮುತ್ತಿನ ಹಾಗೆ ನಿಂತಿರುವಾಗ ಗಂಡ ಹೊಗೆ ಹಿಡಿದ ಗೋಡೆಯ ಬಣ್ಣದಲ್ಲಿ ನಿಲ್ಲುವುದೇ? ಮಾಲಾಂದೆನ್ ಮನೆಯ ಹೆಂಗಸರಿಗೆ ನಾಚಿಕೆಯಾಗಬೇಡವೇ? ಇನ್ನೊಂದು ಮಾತೂ ಅವಳ ಮನಸ್ಸಿನಲ್ಲಿತ್ತು. ಜೋಡಿ ಒಂದೇ ಬಣ್ಣಕ್ಕೆ ಬಂದರೆ ಅವರನ್ನು ಅಗಲಿಸುವ ಮನಸ್ಸು ಯಾರಿಗೂ ಬರುವುದಿಲ್ಲ ಎಂದು ಅವಳು ನಂಬಿದ್ದಳು.

ಆ ವರ್ಷ ಬಿಸಿಲು ಕೃಪೆ ಮಾಡಿತು. ಮೇ ತಿಂಗಳ ಕೊನೆಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಎಡ್ವಿಜ್ ಸುಣ್ಣ ಅರೆದಳು, ಬಿಳುಪಿನ ನೀರು ಸವರಿದಳು, ಪೆಟ್ಟಿಗೆಯಲ್ಲಿಟ್ಟಳು, ಮಗ್ಗುಲು ಬದಲಿಸಿದಳು. ಬೆನ್ನಿನ ಮೇಲಿದ್ದ ಉದ್ದನೆಯ ಬಿರುಕಿಗೆ ಮೇಣ ಮತ್ತು ಸುಣ್ಣ ತುಂಬಿ ಗೆರೆ ಕಾಣದಂತೆ ನಯ ಮಾಡಿದಳು. ಹಳದಿಯ ಕೆಳಗಿನಿಂದ ಮೊದಲು ಮೂಗು ಬಂತು, ಆಮೇಲೆ ಗಡ್ಡದ ಎಳೆಗಳು, ಆಮೇಲೆ ಬಲೆಯ ಗಂಟುಗಳು ಒಂದೊಂದಾಗಿ ಬಂದವು. ಪಕ್ಕದ ಮನೆಯ ಇವೊನ್ ಮಾಳಿಗೆ ಹತ್ತಿ ಬಂದು ನೋಡಿದಳು.

“ಅಯ್ಯೋ, ಇವನೇನೇ ಇಷ್ಟು ಚೆಲುವ ಆಗ್ಬಿಟ್ಟ?”

“ಅವನು ಮೊದಲಿಂದ್ಲೂ ಚೆಲುವನೇ ಕಣೆ. ತೊಳೆಯೋರು ಇರಲಿಲ್ಲ.”

“ಇವಳ ಪಕ್ಕ ನಿಲ್ಸು ನೋಡೋಣ.”

ನಿಲ್ಲಿಸಿದಳು. ಇವೊನ್ ಶಿಲುಬೆಯ ಗುರುತು ಹಾಕಿಕೊಂಡಳು, ಎಡ್ವಿಜ್ ಮೂಗು ಸೀನಿಕೊಂಡಳು. ಅಜ್ಜಿ ಇದ್ದಿದ್ದರೆ ಎಂದು ಅನ್ನಿಸಿ ಅವಳಿಗೆ ಅಳು ಬಂದಿತ್ತು. ಜೀವಮಾನದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಇದು ಎಂದು ಅವಳಿಗೆ ಗೊತ್ತಿತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ.

ಪರೀಕ್ಷಕ ವಾತಿನೆಲ್ ಬಂದದ್ದು ಜೂನ್ ಮಧ್ಯದಲ್ಲಿ. ಐವತ್ತರ ಆಸುಪಾಸಿನ, ಸಣ್ಣ ದನಿಯ ಮನುಷ್ಯ. ಲಿಯೋಂನಿಂದ ಬೆನೆದಿಕ್ತಳೂ ಬಂದಿದ್ದಳು. ತುರ್ಜಿಯವರ ಊಟದ ಮೇಜಿನ ಮೇಲೆ ಕಂಬಳಿ ಹಾಸಿ ಗೊಂಬೆಗಳನ್ನು ಸಾಲಾಗಿ ಇಟ್ಟಿದ್ದರು. ಕಂದು ಹಡಗು, ಜೇನಿನ ಬಣ್ಣದ ಬೀಸಣಿಗೆ, ಒಡಲು ಬಿರಿದ ಹಳದಿ ಶಿಲುಬೆ. ವಾತಿನೆಲ್ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ‘ಇದು ಹಳೆಯದು, ಅನುಮಾನ ಬೇಡ’ ಎಂದು ಪಕ್ಕಕ್ಕಿಡುತ್ತ ಹೋದರು. ಕೊನೆಯಲ್ಲಿ ಜೋಡಿ. ಎಡ್ವಿಜ್ ತಾನೇ ಬಟ್ಟೆ ಸರಿಸಿ, ಎರಡನ್ನೂ ಎದುರುಬದುರು ನಿಲ್ಲಿಸಿ, ಹಿಂದೆ ಸರಿದು, ಹೊಗಳಿಕೆಗೆ ಕಾದು ನಿಂತಳು.

ವಾತಿನೆಲ್ ಬಹಳ ಹೊತ್ತು ನೋಡಿದರು. ಗಂಡನನ್ನು ಎತ್ತಿ ಬೆನ್ನು ನೋಡಿದರು, ಪಾದದ ಅಡಿ ನೋಡಿದರು, ಬೆರಳಿನಿಂದ ಸವರಿ ಬೆರಳನ್ನು ಮೂಸಿದರು.

“ಇದನ್ನ ಯಾರು ಮುಟ್ಟಿದ್ದು?”

“ನಾನೇ ಸ್ವಾಮಿ. ಹೋದ ತಿಂಗಳು ತೊಳೆದೆ. ಎಷ್ಟು ಹಳದಿ ಆಗಿತ್ತು ಅಂತೀರಿ, ಆ ಶಿಲುಬೆಗಿಂತ ಹೆಚ್ಚು.”

ವಾತಿನೆಲ್ ಗೊಂಬೆಯನ್ನು ಕೆಳಗಿಟ್ಟು ಕನ್ನಡಕ ತೆಗೆದರು.

“ಮಾದಾಂ, ಈ ಊರಲ್ಲಿ ಇಂಥ ಜೋಡಿಗಳನ್ನ ಪ್ರವಾಸಿಗಳಿಗೆ ಅಂತ ಇತ್ತೀಚಿನವರೆಗೂ ಕೆತ್ತುತ್ತಿದ್ದರಲ್ಲ?”

“ಕೆತ್ತುತ್ತಿದ್ರು. ನಮ್ಮಣ್ಣ ರೆಮಿನೇ ಕೆತ್ತಿದಾನೆ. ಮುತ್ತಜ್ಜನ ಅಚ್ಚು, ಅವನ ಕೈ. ಎರಡನ್ನೂ ಪಕ್ಕದಲ್ಲಿಟ್ರೆ ನಮ್ಮಮ್ಮಂಗೇ ಗೊತ್ತಾಗ್ತಿರಲಿಲ್ಲ.”

“ಅದೇ ಕಷ್ಟ ಆಗಿರೋದು. ನನಗೂ ಗೊತ್ತಾಗ್ತಿಲ್ಲ.”

ಎಡ್ವಿಜಳಿಗೆ ಇದು ಹೊಗಳಿಕೆಯೋ ತೆಗಳಿಕೆಯೋ ಒಂದು ಕ್ಷಣ ತಿಳಿಯಲಿಲ್ಲ. ವಾತಿನೆಲ್ ಮೆಲ್ಲಗೆ, ರೋಗಿಯ ಮನೆಯವರಿಗೆ ಹೇಳುವ ಹಾಗೆ, ಬಿಡಿಸಿ ಹೇಳಿದರು.

“ಹೆಂಡತಿ ಗೊಂಬೆ ಬೆಳ್ಳಗಿದ್ರೂ ಅಡ್ಡಿ ಇರಲಿಲ್ಲ ಮಾದಾಂ. ಗಂಡ ಹಳದಿಯಾಗಿ ಇದ್ದಿದ್ರೆ ಅವನೇ ಅವಳಿಗೆ ಸಾಕ್ಷಿ ಆಗ್ತಿದ್ದ. ಒಂದೇ ಕೈ, ಒಂದೇ ಪೀಠ, ಅವನು ಹಳಬ, ಆದ್ದರಿಂದ ಅವಳೂ ಹಳಬಳು ಅಂತ ನಾನು ಎರಡಕ್ಕೂ ಸಹಿ ಹಾಕ್ತಿದ್ದೆ. ಈಗ ಇಬ್ಬರೂ ನಿನ್ನೆ ಕೆತ್ತಿದ ಹಾಗಿದ್ದಾರೆ. ಬಿರುಕು ಕೂಡ ಮುಚ್ಚಿಬಿಟ್ಟಿದ್ದೀರಿ.”

“ನಾನು ಹೇಳ್ತಿದೀನಲ್ಲ, ಮೂವತ್ತು ವರ್ಷದಿಂದ ನನ್ನ ಕಣ್ಣಾರೆ ಕಂಡಿದೀನಿ.”

“ಮಾರೋರ ಮಾತು ಲೆಕ್ಕಕ್ಕಿಲ್ಲ ಮಾದಾಂ. ಎಲ್ಲರೂ ಹಾಗೇ ಹೇಳ್ತಾರೆ, ಕಳ್ಳರು ಇನ್ನೂ ಚೆನ್ನಾಗಿ ಹೇಳ್ತಾರೆ.”

“ನನ್ನ ಹತ್ತಿರಾನೂ ಅಪ್ಪನ ಗೊಂಬೆಗಳ ಒಂದು ಫೋಟೋ ಇಲ್ಲ,” ಎಂದಳು ಬೆನೆದಿಕ್ತ್. ಆಮೇಲೆ ಕೇಳಿದಳು, “ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ್ರೆ?”

“ಪೀಠದಿಂದ ಒಂದು ಚೂರು ಕೊರೆದು ಕಳಿಸಿದ್ರೆ ಆನೆ ಯಾವಾಗ ಸತ್ತಿದ್ದು ಅಂತ ಹೇಳ್ತಾರೆ. ಕೆತ್ತಿದ್ದು ಯಾವಾಗ ಅಂತ ಹೇಳಲ್ಲ.” ಅವರು ಎಡ್ವಿಜಳ ಕಡೆ ತಿರುಗಿದರು. “ನಿಮ್ಮಣ್ಣ ಹೊಸ ದಂತ ಕೊಂಡು ತಂದು ಕೆತ್ತುತ್ತಿದ್ದರಾ? ಹಾಗಿದ್ರೆ ಪರೀಕ್ಷೆಗೆ ಅರ್ಥ ಇದೆ. ಹಳೇ ದಂತ ಅಂತ ಬಂದ್ರೆ ಇದು ಅವರ ಕೆಲಸ ಅಲ್ಲ ಅಂತ ಆಗುತ್ತೆ.”

ಹೂಂ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಆದರೆ ಸತ್ತ ಅಣ್ಣನನ್ನು ಹೊಸದಾಗಿ ಕೊಂದ ಆನೆಯ ದಂತ ಕೊಂಡು ತಂದವರ ಸಾಲಿಗೆ ಸೇರಿಸಲು ಎಡ್ವಿಜಳ ನಾಲಿಗೆ ಏಳಲಿಲ್ಲ. ಮಾಲಾಂದೆನ್ ಅಂಗಡಿಯ ನೆಲಮಾಳಿಗೆಯಲ್ಲಿ ಮುತ್ತಜ್ಜ ಕೂಡಿಟ್ಟ ದಂತಗಳಿದ್ದವು, ರೆಮಿ ಕೊನೆಯ ದಿನದವರೆಗೂ ಅವನ್ನೇ ಕೆತ್ತಿದ. ಅದು ಅವರ ಮನೆಯ ಹೆಮ್ಮೆ.

“ನಮ್ಮ ಮನೇಲಿ ಹೊಸ ದಂತ ಯಾವತ್ತೂ ಬರಲಿಲ್ಲ,” ಎಂದಳು. “ಎಲ್ಲಾ ಮುತ್ತಜ್ಜನ ಕಾಲದ್ದು.”

“ಹಾಗಾದ್ರೆ ಪರೀಕ್ಷೆಯಿಂದ್ಲೂ ಏನೂ ತಿಳಿಯಲ್ಲ,” ಎಂದರು ವಾತಿನೆಲ್. “ನನ್ನ ಕಣ್ಣು ಹಳೆಯದು ಅನ್ನುತ್ತೆ ಮಾದಾಂ. ಆದ್ರೆ ನನ್ನ ಕಣ್ಣಿಗೆ ಸಹಿ ಹಾಕೋ ಅಧಿಕಾರ ಇಲ್ಲ. ಈ ಜೋಡಿ ಹರಾಜಿಗೆ ಬರೋ ಹಾಗಿಲ್ಲ. ಕ್ಷಮಿಸಿ.”

ಮಾಡಿದ್ದುಣ್ಣೋ ಮಹಾರಾಯ ಎಂದು ಹೇಳುವುದು ಸುಲಭ. ನನಗೆ ಹೇಳಲು ಮನಸ್ಸು ಬರುವುದಿಲ್ಲ. ಆಕೆ ತನಗೆ ಗೊತ್ತಿದ್ದ ಒಂದೇ ಒಂದು ಒಳ್ಳೆಯ ಕೆಲಸ ಮಾಡಿದ್ದಳು, ಅದೇ ತಪ್ಪಾಯಿತು. ಎಡ್ವಿಜ್ ಮೇಜಿನ ಅಂಚು ಹಿಡಿದುಕೊಂಡು ನಿಂತಳು. ಆಮೇಲೆ ಬೆನೆದಿಕ್ತಳಿಗೆ ಹೇಳಿದಳು.

“ಅವನನ್ನ ನಾನೇ ಕೊಂಡ್ಕೋತೀನಿ ತಾಯಿ. ನೀವು ಹೇಳಿದಷ್ಟು ಕೊಡ್ತೀನಿ.”

ವಾತಿನೆಲ್ ಕೆಮ್ಮಿದರು. “ನನ್ನೆದುರು ಆ ಮಾತು ಬೇಡ ಮಾದಾಂ. ಸಹಿ ಆದ ಪತ್ರ ಇಲ್ದೆ ಮಾರಿದ್ರೂ ತಪ್ಪು, ಕೊಂಡ್ರೂ ತಪ್ಪು. ಸುಮ್ನೆ ಕೊಟ್ರೆ, ಸುಮ್ನೆ ತಗೊಂಡ್ರೆ ಯಾರೂ ಕೇಳಲ್ಲ.”

ಇದನ್ನು ಅವರು ಬೇಕೆಂದೇ ಬೆನೆದಿಕ್ತಳ ಕಡೆ ನೋಡಿಕೊಂಡು ಹೇಳಿದರು ಎಂದು ನನ್ನ ಅನಿಸಿಕೆ. ಎಡ್ವಿಜ್ ಬಾಯಿಬಿಟ್ಟು ಬೇಡುವ ಪೈಕಿಯಲ್ಲ. ಬೆನ್ನು ನೆಟ್ಟಗೆ ಮಾಡಿ ಕಾದಳು. ಬೆನೆದಿಕ್ತ್ ಗಂಡನ ಗೊಂಬೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಮೂವತ್ತು ವರ್ಷ ಅಪ್ಪನ ಕಪಾಟಿನಲ್ಲಿದ್ದದ್ದನ್ನು ಅವಳು ಸರಿಯಾಗಿ ನೋಡಿದ್ದು ಅದೇ ಮೊದಲು.

“ಇದಕ್ಕೆ ಮುಖ ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ,” ಎಂದಳು. “ಕಂದು ಮುದ್ದೆ ಥರ ಇತ್ತು. ದವಡೆ ನೋಡಿ, ಥೇಟ್ ಅಪ್ಪ. ಸಿಟ್ಟು ಬಂದಾಗ ಹೀಗೇ ಮಾಡೋರು.” ಅವಳ ಕಣ್ಣಲ್ಲಿ ನೀರು ತುಂಬಿತು. “ಮಾರೋಕಾಗಲ್ಲ ಅಂದಿದ್ದೇ ಒಳ್ಳೇದಾಯ್ತು. ಇವನನ್ನ ನಾನು ಇಟ್ಕೋತೀನಿ. ನಿಮ್ಮಿಂದ ನಂಗೆ ಅಪ್ಪ ಸಿಕ್ಕಿದ ಹಾಗಾಯ್ತು ಮಾದಾಂ, ನಿಮ್ಮ ಉಪಕಾರ ಮರೆಯಲ್ಲ.”

ಹಳದಿಯಾಗಿಯೇ ಇದ್ದಿದ್ದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಎಡ್ವಿಜಳಿಗೆ ಇದು ಹೊಳೆಯದೆ ಇರಲಿಲ್ಲ. ಆದರೂ ಅವಳು ಸೋಲಲಿಲ್ಲ. ಇನ್ನೊಂದು ದಾರಿ ಉಳಿದಿತ್ತು, ಅದನ್ನು ಹಿಡಿಯಲು ಅವಳಿಗೆ ಎಷ್ಟು ಕಷ್ಟವಾಯಿತೋ ದೇವರಿಗೇ ಗೊತ್ತು. ಹುಟ್ಟಿದಾಗಿನಿಂದ ಮನೆಯಲ್ಲಿದ್ದ, ಪ್ರತಿ ಬೇಸಿಗೆ ತನ್ನ ಕೈಯಿಂದ ತೊಳೆಸಿಕೊಂಡ ಹೆಂಡತಿ ಗೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿ ಬೆನೆದಿಕ್ತಳ ಮುಂದೆ ಹಿಡಿದಳು.

“ಹಾಗಾದ್ರೆ ಇವಳನ್ನೂ ಕರ್ಕೊಂಡು ಹೋಗಿ. ಸುಮ್ನೆ ಕೊಡ್ತಿದೀನಿ. ಇಬ್ಬರನ್ನೂ ಒಂದೇ ಹಲಗೆ ಮೇಲಿಡಿ, ಅಷ್ಟು ಸಾಕು ನಂಗೆ.”

ಬೆನೆದಿಕ್ತ್ ಅವಳ ಕೈಗಳನ್ನು ಗೊಂಬೆಯ ಸಮೇತ ತನ್ನ ಕೈಯಲ್ಲಿ ತೆಗೆದುಕೊಂಡು, ಮೃದುವಾಗಿ, ಹಿಂದಕ್ಕೆ ತಳ್ಳಿದಳು.

“ಬೇಡ ಮಾದಾಂ, ಇದು ನಿಮ್ಮ ಮನೇದು, ನಿಮ್ಮ ಹತ್ರಾನೇ ಇರಲಿ. ನಮ್ಮ ಮನೇಲಿ ಒಂದನ್ನ ಇಡೋದೇ ದೊಡ್ಡ ಮಾತು. ಆನೆ ಕೊಂದು ಮಾಡಿದ್ದು ಅಂತ ನನ್ನ ಗಂಡ ದಂತ ಕಂಡ್ರೆ ಮುಖ ತಿರುಗಿಸ್ತಾರೆ. ತಪ್ಪು ಅಂತಾನೂ ನಾನು ಹೇಳಲ್ಲ. ಅಪ್ಪನ ನೆನಪು ಅಂದ್ರೆ ಒಂದಕ್ಕೆ ಒಪ್ಪಬಹುದು. ಒಂದು ಸಾಕು.”

ಎಡ್ವಿಜ್ ಅಜ್ಜಿಯ ಕತೆ ಹೇಳಬಹುದಿತ್ತು. ಆದರೆ ಸಮುದ್ರವೇ ಇಲ್ಲದ ಊರಿಗೆ ಹೋಗುವವಳಿಗೆ, ದೋಣಿ ತಿರುಗಿ ಬರುವುದಿಲ್ಲ ಎಂದರೆ ಏನು ಅರ್ಥವಾದೀತು? ತಲೆಯಾಡಿಸಿದಳು. ಗಂಡನ ಗೊಂಬೆಯನ್ನು ಬೆನೆದಿಕ್ತ್ ಹತ್ತಿಯಲ್ಲಿ ಸುತ್ತುವಾಗ, ಬಲೆಯ ತುದಿ ಮುರಿಯದ ಹಾಗೆ ಹೇಗೆ ಸುತ್ತಬೇಕೆಂದು ತೋರಿಸಿಕೊಟ್ಟಳು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟಳು. ಮನೆಯ ಬಾಗಿಲವರೆಗೂ ಅವಳ ಜೊತೆ ಬಂದ ವಾತಿನೆಲ್ ಟೊಪ್ಪಿಗೆ ಎತ್ತಿ ನಮಸ್ಕರಿಸಿದರು.

ಅವತ್ತು ಊರ ತುಂಬ ಬಿಸಿಲು. ಬಂದರಿನ ಹೋಟೆಲುಗಳ ಹೊರಗೆ ಜನ ತೋಳು ಬಿಟ್ಟುಕೊಂಡು ಕೂತು ಮೀನು ತಿನ್ನುತ್ತಿದ್ದರು. ಎಡ್ವಿಜ್ ಯಾರ ಮುಖವನ್ನೂ ನೋಡದೆ ಸೇತುವೆ ದಾಟಿ ಮನೆಗೆ ಬಂದಳು. ಗೋಡೆಯಾಚೆಯಿಂದ ಇವೊನ್ ಕೂಗಿದಳು.

“ಏನೇ ಆಯ್ತು? ಹೊರಟ್ರಾ ಇಬ್ಬರೂ?”

“ಅವನು ಹೊರಟ. ಇವಳನ್ನ ಬೇಡ ಅಂದ್ರು.”

ಇವೊನ್‌ಗೆ ಎಲ್ಲ ಅರ್ಥವಾಗಲಿಲ್ಲ, ಆದರೆ ದನಿ ಅರ್ಥವಾಯಿತು. ಏನಾದರೂ ಹೇಳಬೇಕಲ್ಲ ಎಂದು ಹೇಳಿದಳು. “ಬಿಸಿಲು ಚೆನ್ನಾಗಿದೆ ಕಣೆ. ಅವಳನ್ನ ಪೆಟ್ಟಿಗೇಲಿ ಇಡಲ್ವಾ?”

ಎಡ್ವಿಜ್ ಮಲಗುವ ಕೋಣೆಯ ಬಟ್ಟೆ ಬೀರು ತೆಗೆದಳು. ದಂತವನ್ನು ಬಿಸಿಲು ಬೆಳ್ಳಗೆ ಮಾಡುತ್ತದೆ, ಕತ್ತಲೆ ಹಳದಿ ಮಾಡುತ್ತದೆ. ಅವಳ ಮನೆತನದ ಯಾವ ಹೆಂಗಸೂ ಒಂದು ಗೊಂಬೆಯನ್ನು ಒಂದು ವಾರ ಕತ್ತಲಲ್ಲಿ ಬಿಟ್ಟವಳಲ್ಲ. ಎಡ್ವಿಜ್ ಹೆಂಡತಿ ಗೊಂಬೆಯನ್ನು ಚಳಿಗಾಲದ ಕಪ್ಪು ಉಣ್ಣೆ ಕಾಲುಚೀಲಗಳ ನಡುವೆ ಮಲಗಿಸಿ, ಅದರ ಮೇಲೆ ಇನ್ನೊಂದು ಜೊತೆ ಹೊದಿಸಿದಳು. ನೋಡಿದವರು ಹಳೆಯದೆಂದು ನಂಬುವಷ್ಟು ಹಳದಿಯಾಗಲು ಒಂದು ಜೀವಮಾನ ಬೇಕು. ಅಷ್ಟು ಕಾಲ ತನ್ನ ಹತ್ತಿರ ಇಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಎಡ್ವಿಜ್, ಕೇಳಿಸ್ತೇನೇ? ಬಿಸಿಲು ಹೋಗ್ಬಿಡುತ್ತೆ,” ಎಂದಳು ಇವೊನ್.

“ಹೋಗ್ಲಿ ಬಿಡು. ಇವಳಿಗೂ ಸ್ವಲ್ಪ ವಯಸ್ಸಾಗ್ಲಿ,” ಎಂದು ಎಡ್ವಿಜ್ ಬೀರುವಿನ ಬಾಗಿಲು ಹಾಕಿದಳು.